ಯಾರೂ ಕೈ ಹಾಕದ ಮರ

ಯಲ್ದೂರಿನ ತೋಪೊಂದರಲ್ಲಿ ಮಾವು ಕೀಳುತ್ತಿದ್ದ ಮುನಿರಾಜು ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ತೋಪಿನ ಮಾಲೀಕರು ಕೂಲಿಯಾಳುಗಳಿಗೆ ವಿಮೆ ಮಾಡಿಸಿದ್ದರು. ಆದರೆ ಕೆಲಸದಲ್ಲಿದ್ದಾಗಲೇ ಬಿದ್ದನೆಂದು ಖಾತ್ರಿಯಾಗದೆ ಪರಿಹಾರವಿಲ್ಲ. ವಿಚಾರಿಸಲು ಕಂಪನಿ ನನ್ನನ್ನು ಕಳಿಸಿತ್ತು. ಅನುಮಾನಪಡುವುದಕ್ಕೇ ಸಂಬಳ ತಗೊಳ್ಳುವವನು ನಾನು.

"ಇಲ್ಲೇ ಬಿದ್ದ ಅನ್ನೋದಕ್ಕೆ ಸಾಕ್ಷಿ ಏನಮ್ಮಾ?" ಎಂದು ಕಾಯಿ ಆಯುತ್ತಿದ್ದ ಹೆಂಗಸನ್ನು ಕೇಳಿದೆ.

ಆಕೆ ತೋಪಿನತ್ತ ಕೈ ತೋರಿಸಿದಳು. ಇಡೀ ತೋಪು ಬರಿದಾಗಿತ್ತು. ಒಂದೇ ಒಂದು ಮರ ಮಾತ್ರ ಹಣ್ಣಿನ ಭಾರಕ್ಕೆ ಬಾಗಿ ನಿಂತಿತ್ತು. ಕೆಳಗೆಲ್ಲ ಹಣ್ಣು ಉದುರಿ ಕೊಳೆಯುತ್ತಿತ್ತು.

"ಬಿದ್ದೋನು ಎದ್ದು ಬಂದು ಮುಟ್ಟೋವರ್ಗೂ ಆ ಮರಕ್ಕೆ ನಾವ್ಯಾರೂ ಕೈ ಹಾಕಲ್ಲ ಸಾರ್. ಓನರೂ ಹಾಕಿ ಅನ್ನಲ್ಲ."

ಆ ಮರದಡಿ ಹೋಗಿ ನಿಂತು ಪೆನ್ನು ತೆಗೆದೆ. ವರದಿಯಲ್ಲಿ ಸಾಕ್ಷಿ ಎಂಬಲ್ಲಿ 'ಮಾವಿನ ಮರ' ಎಂದು ಬರೆದೆ.

ಸಾಕ್ಷಿಯ ಸಹಿ ಎಲ್ಲಿ ಅಂತ ಹೆಡ್ಡಾಫೀಸಿನವರು ಇನ್ನೂ ಕೇಳುತ್ತಿದ್ದಾರೆ.