ಡಿಕ್ಕೀಲಿ ಬಂದ ಕಾವೇರಿ

ಕಾವೇರಿ ದಡದ ಒಂದು ಪುಟ್ಟ ಊರಿಗೆ ಅಮ್ಮನನ್ನ ಕರ್ಕೊಂಡು ಹೋಗಿದ್ದೆ. ಊರು ತೋರಿಸೋಕೆ ಸಿದ್ದಪ್ಪ ಅನ್ನೋ ಹಿರಿಯರು ಜೊತೆಗೆ ಬಂದ್ರು. ಕೋಟೆ ಬಾಗಿಲು ತೋರಿಸಿ, ಹೊಳೆ ಪಕ್ಕದ ಮಂಟಪದಲ್ಲಿ ನಿಂತು, "ಇದನ್ನ ಕಟ್ಟಿಸಿದ್ದು ಯಾರಪ್ಪಾ ಅಂದ್ರೆ..." ಅಂತ ಶುರುಮಾಡಿದ್ರು. ನೋಡಿದ್ರೆ ಅಮ್ಮ ಪಕ್ಕದಲ್ಲಿಲ್ಲ. ಹೊಳೆಗೆ ಇಳಿಯೋ ಕೊನೇ ಮೆಟ್ಟಿಲ ಮೇಲೆ ಕೂತು, ಕಾರಲ್ಲಿದ್ದ ಬಾಟ್ಲಿಗಳಿಗೆಲ್ಲಾ ನೀರು ತುಂಬಿಸ್ತಿದ್ಲು.

ಬೆಂಗಳೂರಿನ ಹೊಸ ತಿಪ್ಪಸಂದ್ರದ ನಮ್ಮನೆ ನಲ್ಲೀಲಿ ಕಾವೇರಿ ಬರೋದು ವಾರಕ್ಕೆರಡು ಸಲ. ಬಂದಾಗ ಒಂದು ಲೋಟಾನೂ ಖಾಲಿ ಇರಬಾರ್ದು ಅನ್ನೋದು ಅಮ್ಮನ ಕಾನೂನು.

ಸಿದ್ದಪ್ಪನವರು ಇತಿಹಾಸ ಅಲ್ಲಿಗೇ ನಿಲ್ಲಿಸಿದ್ರು. "ಯಾಕ್ರವ್ವಾ ಇಷ್ಟೊಂದು ಆತ್ರ? ಹೊಳೆ ಎಲ್ಲೂ ಹೋಗಾಕಿಲ್ಲ ಬುಡಿ."

ಅಮ್ಮ ತಲೆ ಎತ್ತಲಿಲ್ಲ. "ನಮ್ಮ ಬೀದಿಗೆ ನೀರು ಬಿಡೋನೂ ಹಿಂಗೇ ಹೇಳ್ತಾನೆ."

ಸಿದ್ದಪ್ಪನವರು ಪಂಚೆ ಎತ್ತಿಕಟ್ಟಿ ತಾವೂ ಇಳಿದು, ಬಾಟ್ಲಿಗಳಿಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಡೋಕೆ ಶುರುಮಾಡಿದ್ರು. ಮಂಟಪ ಕಟ್ಟಿಸಿದ್ದು ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಮನೆಗೆ ಬಂದು ನಲ್ಲಿ ತಿರುಗಿಸಿದ್ರೆ ಕಾವೇರಿ ಧೋ ಅಂತ ಸುರಿದ್ಲು. ಮನೇಲಿ ಪಾತ್ರೆ ಎಲ್ಲಾ ಮೊದಲೇ ತುಂಬಿತ್ತು, ಡಿಕ್ಕೀಲಿ ಬಾಟ್ಲಿ ಎಲ್ಲಾ ತುಂಬಿತ್ತು. ಖಾಲಿ ಇದ್ದಿದ್ದು ನನ್ನ ತಲೆ ಮಾತ್ರ.