ಹಳೇ ಅಳತೆ

ಕಪ್ಪು ಬಟ್ಟೆಯ ಮೇಲೆ ಬಿಳಿ ಪುಡಿ ಕಂಡರೆ ಟೈಲರ್ ಮಾಸ್ಟರು ಹೇಳುತ್ತಿದ್ದದ್ದು ಒಂದೇ ಮಾತು: "ಚಾಕ್ ಪುಡಿ, ಕೊಡವಿದ್ರೆ ಹೋಗುತ್ತೆ." ಹೊಲಿಗೆ ಅಂಗಡಿಯಲ್ಲಿ ಚಾಕಿಗೇನು ಬರವೇ? ಹನ್ನೊಂದು ವರ್ಷ ಆ ಸುಳ್ಳು ಸಲೀಸಾಗಿ ನಡೆಯಿತು.

ಉದುರುತ್ತಿದ್ದದ್ದು ಅವರ ಚರ್ಮ. ಮೊಣಕೈ, ಮೊಣಕಾಲು, ಕಿವಿಯ ಹಿಂದೆ ಕೆಂಪಗೆ ದಪ್ಪಗಟ್ಟಿ, ಬೆಳ್ಳಗೆ ಹೊಟ್ಟೇಳುವ ಸೋರಿಯಾಸಿಸ್. ಒಂದು ತಿಂಗಳು ತಣ್ಣಗಿದ್ದರೆ ಮುಂದಿನ ತಿಂಗಳು ಕೆರಳುತ್ತದೆ. ಡಾಕ್ಟರಮ್ಮ ಕೊಟ್ಟ ಮುಲಾಮನ್ನು ದಿನಾ ಹಚ್ಚಬೇಕು. ಆದರೆ ಅದು ಜಿಡ್ಡು. ಕೋಟಿನ ಬಟ್ಟೆಗೆ ತಗುಲಿದರೆ ಕಲೆ ಹೋಗುವುದಿಲ್ಲ. ಹಾಗಾಗಿ ಮಾಸ್ಟರು ಅಂಗಡಿಗೆ ರಜವಿರುವ ಭಾನುವಾರ ಮಾತ್ರ ಹಚ್ಚುತ್ತಿದ್ದರು. ಉಳಿದ ಆರು ದಿನ ಬಟ್ಟೆ ಚೊಕ್ಕಟವಾಗಿರುತ್ತಿತ್ತು, ಮೈ ಉರಿಯುತ್ತಿತ್ತು. ಎಂಥ ಸೆಕೆಗೂ ತುಂಬುತೋಳಿನ ಅಂಗಿಯೇ.

ಗುಟ್ಟು ರಟ್ಟಾದದ್ದು ವಕೀಲರ ಕಪ್ಪು ಕೋಟಿನಿಂದ. ಅದನ್ನು ಒಯ್ಯಲು ಬಂದ ವಕೀಲರು ಬೆಳಕಿಗೆ ಹಿಡಿದು ಕೇಳಿದರು.

"ಹೊಲಿದಾಯ್ತು, ಬ್ರಷ್ ಹಾಕಿದ್ದಾಯ್ತು. ಇನ್ನೂ ಎಲ್ಲಿಂದ ಬಂತು ಮಾಸ್ಟ್ರೇ, ಈ ಚಾಕ್ ಪುಡಿ?"

 ಮಾಸ್ಟರ ಹಾಳು ಕೈ ಆಗಲೇ ಮೊಣಕೈ ಕೆರೆಯಲು ಹೋಯಿತು. ತೋಳಿನ ತುದಿಯಿಂದ ಉದುರಿದ ಬಿಳಿ ಹೊಟ್ಟನ್ನು ಅಂಗಡಿಯ ಯಜಮಾನಿ ನೋಡಿದರು. ಮಾರನೆಯ ಬೆಳಿಗ್ಗೆ ಅಪ್ಪಣೆಯಾಯಿತು: "ನೀವು ಒಳಗೆ ಕೂತು ಕತ್ತರಿಸಿ ಸಾಕು. ಅಳತೆ ನಾನು ತಗೋತೀನಿ."

ಮಾಸ್ಟರಿಗೆ ರೇಗಿಹೋಯಿತು. ಯಾರ ಭುಜ ಇಳಿದಿದೆ, ಯಾರು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದಾರೆ ಎಂಬುದು ಅವರ ಕೈಗೆ ಗೊತ್ತಾಗುತ್ತಿತ್ತು. ಆ ಕೆಲಸವನ್ನೇ ಕಿತ್ತುಕೊಂಡರೆ ಅವರು ಮಾಸ್ಟರಾಗಿ ಉಳಿಯುವುದಾದರೂ ಹೇಗೆ?

"ಇದು ಅಂಟೋದಲ್ಲಮ್ಮಾ! ಇಷ್ಟು ವರ್ಷದಲ್ಲಿ ನನ್ನ ಹೆಂಡ್ತಿಗೆ ಬಂದಿದೆಯಾ?"

"ನಂಗೊತ್ತು. ಗಿರಾಕಿಗಳಿಗೆ ಹೇಳೋರ್ಯಾರು? ಡಾಕ್ಟ್ರ ಹತ್ರ ಬರೆಸ್ಕೊಂಡು ಬನ್ನಿ."

ಪತ್ರ ಕೇಳಲು ಹೋದರೆ ಡಾಕ್ಟರಮ್ಮನಿಗೆ ಮೊದಲು ಕಂಡದ್ದು ಮುಲಾಮಿನ ಟ್ಯೂಬು. "ಎರಡು ತಿಂಗಳಾಯ್ತು, ಇನ್ನೂ ತುಂಬಿದೆಯಲ್ರೀ!"

"ಬಟ್ಟೆಗೆ ಕಲೆ ಆಗುತ್ತೆ ಡಾಕ್ಟ್ರೇ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಮನೆಗೆ ಹೋದ್ಮೇಲೆ ಹಚ್ಚಿ ಅಂತ ನಾನೇ ಹೇಳ್ತಿದ್ದೆ. ಒಂದು ಮಾತು ಕೇಳಬಾರದಿತ್ತಾ?" ಬೈಯುತ್ತಲೇ ಪತ್ರ ಬರೆದರು: ಇದು ಅಂಟುರೋಗವಲ್ಲ, ಮುಟ್ಟಿದರೆ ಹರಡುವುದಿಲ್ಲ. ಕೆಳಗೆ ಸಹಿ, ಮೊಹರು.

ಮಾಸ್ಟರು ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಕನ್ನಡಿಯ ಪಕ್ಕ ಅಂಟಿಸಿದರು. ಯಜಮಾನಿ ಬಂದವರೇ ಕಿತ್ತು ಕೈಗಿಟ್ಟರು. "ಇದನ್ನ ಓದಿದ್ರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ!" ಬರೆಸಿಕೊಂಡು ಬನ್ನಿ ಎಂದವರೂ ಇವರೇ. ಯಾವ ಗೋಡೆಗೆ ತಲೆ ಚಚ್ಚಿಕೊಳ್ಳುವುದು?

ಆರು ತಿಂಗಳ ಮೇಲೆ ವಕೀಲರು ಇನ್ನೊಂದು ಕೋಟಿಗೆ ಬಂದಾಗ ಯಜಮಾನಿ ಇರಲಿಲ್ಲ. ಮಾಸ್ಟರು ಟೇಪು ಹಿಡಿದು ಹೊರಬಂದು, ಮೊದಲು ಪತ್ರ ಕೊಟ್ಟರು. ವಕೀಲರು ಕನ್ನಡಕ ಹಾಕಿಕೊಂಡು ಮೊಹರಿನವರೆಗೂ ಓದಿದರು.

"ಇಷ್ಟೂ ಗೊತ್ತಿಲ್ವಾ ನಂಗೆ? ಮುಟ್ಟಿದ್ರೆ ಬರಲ್ಲ. ಜನಕ್ಕೆ ಬುದ್ಧಿ ಇಲ್ಲ, ಅಷ್ಟೇ."

ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ಟೇಪು ಬಿಡಿಸಿ ಎದೆಯ ಅಳತೆಗೆ ಕೈ ಚಾಚಿದರು.

ವಕೀಲರು ಒಂದು ಹೆಜ್ಜೆ ಹಿಂದೆ ಸರಿದರು. "ಹಳೇ ಅಳತೆ ಇದೆಯಲ್ಲ ಮಾಸ್ಟ್ರೇ, ಅದೇ ಸಾಕು."

ಮಾಸ್ಟರು ವಕೀಲರ ಹೊಟ್ಟೆ ನೋಡಿದರು. ಎರಡು ಇಂಚಾದರೂ ಮುಂದೆ ಬಂದಿತ್ತು. ಅಂಥದ್ದನ್ನು ಹೇಳದೆ ಬಿಟ್ಟವರೇ ಅಲ್ಲ ಅವರು.

"ಆಗ್ಲಿ ಸಾರ್," ಎಂದರು. ಒಳಗೆ ಹೋಗಿ ಕಪ್ಪು ಬಟ್ಟೆ ಹರಡಿ, ಹಳೇ ಅಳತೆಗೇ ಗುರುತು ಹಾಕಿ ಕತ್ತರಿಸಿದರು.