ನಾಲ್ಕು ಬೆರಳಗಲದ ಜಾಗ

ಅವರ ಬಲಗೈಯ ಅಂಚು, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಕೆಂಪಗಿರುತ್ತಿತ್ತು. ಮೂವತ್ತು ವರ್ಷ ಗ್ರಾಫ್ ಕಾಗದದ ಮೇಲೆ ಕೈಯೂರಿ ಕೂತಿದ್ದಕ್ಕೆ ಬಣ್ಣ ಚರ್ಮದೊಳಗೇ ಇಳಿದುಬಿಟ್ಟಿತ್ತು. ಊಟಕ್ಕೆ ಮೊದಲು ಸೋಪು ಹಚ್ಚಿ ತಿಕ್ಕಿ ತೊಳೆಯುತ್ತಿದ್ದರು, ಕೈಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತಿದ್ದರು, ಆಮೇಲೆ ಡಬ್ಬಿ ಬಿಚ್ಚುತ್ತಿದ್ದರು. ಊಟ ಮಾಡುವಾಗಲೂ ತುಟಿ ಅಲುಗುತ್ತಲೇ ಇರುತ್ತಿತ್ತು. ಏನೋ ಮಂತ್ರ ಹೇಳಿಕೊಳ್ಳುತ್ತಾರೆ ಅಂತ ಮೊದಲ ವಾರ ನಾನು ಅಂದುಕೊಂಡಿದ್ದೆ. ಅವರು ಎಣಿಸುತ್ತಿದ್ದರು.

ನಾವೆಲ್ಲ ಅವರನ್ನು ಮಾಸ್ಟ್ರು ಅಂತಲೇ ಕರೆಯುತ್ತಿದ್ದೆವು. ಗೋವಿಂದರಾಜನಗರದ ಒಂದು ಓಣಿಯಲ್ಲಿ, ಕೆಳಗೆ ಪವರ್‌ಲೂಮ್ ಮಗ್ಗಗಳು, ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಉದ್ದನೆಯ ಒಂದು ಕೋಣೆ, ನಾಲ್ಕು ಓರೆ ಮೇಜು, ಒಂದು ಕಿಟಕಿ. ರೇಷ್ಮೆ ಸೀರೆಯ ಸೆರಗು, ಅಂಚು, ಬುಟ್ಟಗಳ ಚಿತ್ರವನ್ನು ಗ್ರಾಫ್ ಕಾಗದಕ್ಕೆ ಇಳಿಸುವುದು ನಮ್ಮ ಕೆಲಸ. ಗ್ರಾಫ್‌ನ ಒಂದೊಂದು ಚೌಕಕ್ಕೆ ನಾವು ಮನೆ ಅನ್ನುತ್ತಿದ್ದೆವು, ಚೌಕಾಬಾರದಲ್ಲಿ ಅನ್ನುವ ಹಾಗೆ. ಜರಿ ಎಲ್ಲಿ ಮೇಲೆ ಕಾಣಬೇಕೋ ಆ ಮನೆಗೆ ಕೆಂಪು ತುಂಬಬೇಕು. ಅದನ್ನು ನೋಡಿಕೊಂಡು ಕಾರ್ಡಿಗೆ ತೂತು ಹೊಡೆಯುತ್ತಾರೆ, ಆ ಕಾರ್ಡನ್ನು ಮಗ್ಗಕ್ಕೆ ಏರಿಸುತ್ತಾರೆ. ಒಂದು ಸೆರಗಿಗೆ ಸಾವಿರಾರು ಮನೆ. ಒಂದು ಮನೆ ತಪ್ಪಿದರೆ ನೂರು ಸೀರೆಯಲ್ಲೂ ಅದೇ ತಪ್ಪು.

ನಾನು ಪಿಯುಸಿ ಮುಗಿಸಿ, ಬಾಪೂಜಿನಗರದ ನಮ್ಮ ಮನೆಯಿಂದ ನಡೆದುಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗತೊಡಗಿದಾಗ ನನಗೆ ಹತ್ತೊಂಬತ್ತು. ರಂಗೋಲಿ ಚೆನ್ನಾಗಿ ಹಾಕುತ್ತೇನೆ ಅನ್ನುವುದೊಂದೇ ಅರ್ಹತೆ.

ಒಂಬತ್ತೂವರೆಗೆ ಬ್ರಶ್ಶು ಕೈಯಲ್ಲಿರಬೇಕು. ಹನ್ನೊಂದರ ಕಾಫಿಯವರೆಗೆ ಮಾತಿಲ್ಲ. ಮೊಬೈಲುಗಳೆಲ್ಲ ಮಾಸ್ಟ್ರ ಮೇಜಿನ ಮೇಲಿನ ಒಂದು ಹಳೇ ಊಟದ ಡಬ್ಬಿಯಲ್ಲಿ. ತಡವಾಗಿ ಬಂದವರಿಗೆ ಅವರು ಬೈಯುತ್ತಿರಲಿಲ್ಲ. ಬ್ರಶ್ಶು ತೆಗೆದಿಟ್ಟು ಬ್ಲೇಡು ಕೊಡುತ್ತಿದ್ದರು. ಆ ದಿನವೆಲ್ಲ ಬೇರೆಯವರು ತಪ್ಪಾಗಿ ತುಂಬಿದ ಮನೆಗಳನ್ನು ಕೆರೆದು ಬಿಳಿ ಮಾಡುತ್ತ ಕೂರಬೇಕು. ಪಕ್ಕದ ಮೇಜಿನ ಗಿರೀಶ ವಾರಕ್ಕೆರಡು ದಿನ ಬ್ಲೇಡು ಹಿಡಿಯುತ್ತಿದ್ದ. ಕಾಫಿ ಹೊತ್ತಿನಲ್ಲಿ, ‘ಇನ್ನೊಂದು ವರ್ಷ ಹೀಗೇ ಆದ್ರೆ ಕಟಿಂಗ್ ಶಾಪ್ ಇಡ್ತೀನಿ ಮಾಸ್ಟ್ರೇ, ಮೊದಲ ಶೇವಿಂಗು ನಿಮಗೇ’ ಅಂದಿದ್ದ. ಅವರು ಕಪ್ಪಿನಿಂದ ಕಣ್ಣೆತ್ತದೆ, ‘ಬೇಡಪ್ಪ, ನೀನು ಕಿವಿಗೂ ಗಡ್ಡಕ್ಕೂ ಮಧ್ಯೆ ಗೆರೆ ಎಣಿಸಲ್ಲ’ ಅಂದರು. ಅಷ್ಟು ನಗು ಆ ಕೋಣೆಯಲ್ಲಿ ಅಪರೂಪ.

ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಮಾತು ಒಂದಿತ್ತು. ‘ಎಣಿಸಿದ್ದು ನಿಂದು. ಅಂದಾಜು ಮಾಡಿದ್ದು ಮಗ್ಗದ್ದು.’ ಅಂದಾಜಿನಲ್ಲಿ ಬಿಟ್ಟದ್ದನ್ನು ಮಗ್ಗ ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ ಅಂತ. ನಾವು ತುಂಬಿದ ಪ್ರತಿ ಸಾಲನ್ನೂ ಅವರು ಗುಂಡುಸೂಜಿಯ ಮೊನೆ ಇಟ್ಟು ಎಣಿಸಿ ನೋಡಿ, ಕೆಳಗೆ ಸಹಿ ಮಾಡಿದ ಮೇಲೇ ಗ್ರಾಫು ಕೆಳಗಿಳಿಯುತ್ತಿತ್ತು.

ಆದರೆ ಪ್ರತಿ ಸೆರಗಿನ ತುದಿಯಲ್ಲೂ ಒಂದು ಪಟ್ಟಿ ಅವರು ಖಾಲಿ ಬಿಡುತ್ತಿದ್ದರು. ನೇಯ್ದಾಗ ನಾಲ್ಕು ಬೆರಳಗಲ ಬರುವಷ್ಟು. ಅದು ನಮ್ಮದು, ಸರದಿಯ ಮೇಲೆ. ಏನು ಬೇಕಾದರೂ ಬರೆಯಬಹುದು. ಹಂಸ, ಮಾವಿನಕಾಯಿ ಬರೆಯಲೇಬೇಕು ಅಂತಿರಲಿಲ್ಲ. ಗಿರೀಶ ಒಮ್ಮೆ ಆಟೋಗಳನ್ನು ಸಾಲಾಗಿ ನಿಲ್ಲಿಸಿದ್ದ. ಜರಿಯಲ್ಲಿ ನೇಯ್ದಾಗ ಅವು ಪುಟ್ಟ ಮಂಟಪಗಳ ಹಾಗೆ ಕಂಡು, ಅಂಗಡಿಯವರು ಇದೇ ಡಿಸೈನ್ ಇನ್ನೊಂದು ಬಣ್ಣದಲ್ಲಿ ಕಳಿಸಿ ಅಂದಿದ್ದರು. ಆ ನಾಲ್ಕು ಬೆರಳನ್ನು ಮಾಸ್ಟ್ರು ಪರೀಕ್ಷೆ ಮಾಡುತ್ತಿರಲಿಲ್ಲ. ಅಲ್ಲಿಗೆ ಬಂದಾಗ ಒಂದು ಹಳೇ ಕ್ಯಾಲೆಂಡರಿನ ಹಾಳೆಯನ್ನು ಮುಚ್ಚಿ, ಕೆಳಗೆ ಸಹಿ ಹಾಕಿಬಿಡುತ್ತಿದ್ದರು. ಯಾಕೆ ನೋಡಲ್ಲ ಅಂತ ನಾನೇ ಒಮ್ಮೆ ಕೇಳಿದೆ.

‘ನಾನು ನೋಡಿದ್ರೆ ನಂದಾಗಿಬಿಡುತ್ತಮ್ಮ. ಇಲ್ಲಿ ಹಿಂಗೆ ಮಾಡು, ಅಲ್ಲಿ ಹಂಗೆ ಮಾಡು ಅನ್ನದೆ ಇರಕ್ಕೆ ನನ್ ಕೈಲಾಗಲ್ಲ. ಅದಕ್ಕೇ ಮುಚ್ಕೋತೀನಿ.’

ಅವರೂ ಹುಡುಗರಾಗಿದ್ದಾಗ ಇಂಥದೇ ಕೋಣೆಯಲ್ಲಿ ಹನ್ನೊಂದು ವರ್ಷ ಬೇರೆಯವರ ಚಿತ್ರಕ್ಕೆ ಬಣ್ಣ ತುಂಬಿದ್ದರಂತೆ. ಒಂದು ದಿನ ಅಲ್ಲಿಯ ಹಿರಿಯರು, ಇವತ್ತು ನಿನಗೆ ಇಷ್ಟ ಬಂದದ್ದು ಬರಿ ಅಂತ ಕಾಗದ ಕೊಟ್ಟರು. ಇವರು ಮಧ್ಯಾಹ್ನದವರೆಗೆ ಸುಮ್ಮನೆ ಕೂತು ಕಾಗದ ವಾಪಸ್ಸು ಕೊಟ್ಟರು. ‘ಏನೂ ಇಷ್ಟ ಬರ್ಲಿಲ್ಲ’ ಅಂದರು ನನಗೆ. ಇದನ್ನು ಹೇಳುವಾಗ ಅವರ ಮುಖ ನೋಡಲು ನನಗಾಗಲಿಲ್ಲ.

ಯಜಮಾನರಿಗೆ, ಅಂದರೆ ಮಗ್ಗಗಳ ಒಡೆಯರಿಗೆ, ಇದು ಸರಿಬರುತ್ತಿರಲಿಲ್ಲ. ಸೆರಗಿನ ತುದಿ ಯಾರು ನೋಡುತ್ತಾರೆ, ಅಲ್ಲೂ ನಾಲ್ಕು ಹೂವು ಹಾಕಿ ಮುಗಿಸಬಾರದೆ ಅಂತ ಮೆಟ್ಟಿಲು ಹತ್ತಿದಾಗಲೆಲ್ಲ ಹೇಳುತ್ತಿದ್ದರು. ‘ಉಟ್ಟೋರು ನೋಡ್ತಾರೆ ಸಾರ್’ ಅನ್ನುತ್ತಿದ್ದರು ಮಾಸ್ಟ್ರು. ‘ಮದ್ವೆ ಮನೇಲಿ ಬೇಜಾರಾದ್ರೆ ಹೆಂಗಸ್ರು ಸೆರಗಿನ ತುದೀನೇ ಕೈಲಿ ಹಿಡ್ಕೊಂಡು ಕೂತಿರ್ತಾರೆ.’ ಯಜಮಾನರು ಮೆಟ್ಟಿಲಿಳಿದು ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ, ಸರದಿ ಬರುವ ವಾರ ನಮ್ಮಲ್ಲಿ ಯಾರೂ ರಜೆ ಹಾಕುತ್ತಿರಲಿಲ್ಲ. ಉಳಿದ ಸಾವಿರಾರು ಮನೆಗಳನ್ನು ಬೇಗ ಬೇಗ, ತಪ್ಪಿಲ್ಲದೆ ತುಂಬಿ ಮುಗಿಸುತ್ತಿದ್ದೆವು, ಆ ತುದಿಗೆ ಹೋಗಬೇಕು ಅಂತ. ಅದು ಯಜಮಾನರಿಗೂ ಗೊತ್ತಿತ್ತು.

ಆರನೇ ವರ್ಷ, ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ದೊಡ್ಡ ಅಂಗಡಿಯ ಆರ್ಡರು ಬಂದಿತ್ತು. ಸರದಿ ನನ್ನದು. ನಮ್ಮ ಕಿಟಕಿಯಾಚೆ ಕರೆಂಟಿನ ತಂತಿ ಹಾದುಹೋಗಿತ್ತು, ಅದರ ಮೇಲೆ ಕಾಗೆಗಳು ಕೂರುತ್ತಿದ್ದವು. ಅದನ್ನೇ ಬರೆದೆ. ಅಗಲಕ್ಕೂ ಒಂದೇ ತಂತಿ, ಅಲ್ಲಲ್ಲಿ ಕಾಗೆ, ಒಂದು ಮಾತ್ರ ಬೆನ್ನು ತಿರುಗಿಸಿ ಕೂತಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಜರಿಯ ಎಳೆ ಬಟ್ಟೆಯ ಮೇಲೆ ಓಡುವಾಗ ನಡುನಡುವೆ ಹಾಸಿನ ಎಳೆಯ ಕೆಳಗೆ ಮುಳುಗಿ ಏಳಬೇಕು. ಅದಕ್ಕೆ ಕಟ್ಟು ಅನ್ನುತ್ತೇವೆ. ಗ್ರಾಫ್‌ನಲ್ಲಿ ಎಂಟು ಮನೆಗೊಂದು ಮನೆ ಖಾಲಿ ಬಿಟ್ಟರೆ ಅದೇ ಕಟ್ಟು. ಇಲ್ಲದಿದ್ದರೆ ಜರಿ ಸಡಿಲವಾಗಿ ಮೇಲೇ ನಿಲ್ಲುತ್ತದೆ, ಬಳೆಗೋ ಉಗುರಿಗೋ ಸಿಕ್ಕಿ ಎದ್ದು ಬರುತ್ತದೆ. ಮಾಸ್ಟ್ರು ನಮಗೆ ಮೊದಲ ದಿನ ಕಲಿಸಿದ್ದು ಇದನ್ನೇ.

ನಾನೂ ಮೊದಲು ಕಟ್ಟು ಹಾಕಿಯೇ ತುಂಬಿದೆ. ದೂರ ನಿಂತು ನೋಡಿದರೆ ತಂತಿ ತುಂಡು ತುಂಡಾಗಿ ಕಾಣುತ್ತಿತ್ತು. ಕಾಗೆಗಳು ಹೊಲಿಗೆಯ ಮೇಲೆ ಕೂತ ಹಾಗೆ. ಎರಡು ದಿನ ನೋಡಿದೆ. ಮೂರನೆಯ ದಿನ ಖಾಲಿ ಬಿಟ್ಟ ಮನೆಗಳಿಗೆಲ್ಲ ಕೆಂಪು ತುಂಬಿಬಿಟ್ಟೆ. ಮರೆತು ಮಾಡಿದ್ದಲ್ಲ. ಎಣಿಸಿಯೇ ತುಂಬಿದೆ. ಒಂದು ಸಾಲಿನಿಂದ ಏನಾಗುತ್ತದೆ ಅನ್ನಿಸಿತು. ಅವರು ನೋಡುವುದಿಲ್ಲ ಅನ್ನುವುದೂ ಗೊತ್ತಿತ್ತು.

ಮಾಸ್ಟ್ರು ಕ್ಯಾಲೆಂಡರ್ ಹಾಳೆ ಮುಚ್ಚಿ ಸಹಿ ಮಾಡಿದರು.

ಹಬ್ಬ ಕಳೆದು ಎರಡು ವಾರಕ್ಕೆ ಸೀರೆಗಳು ವಾಪಸ್ಸು ಬಂದವು. ಯಜಮಾನರು ಒಂದನ್ನು ತಂದು ಮಾಸ್ಟ್ರ ಮೇಜಿನ ಮೇಲೆ ಹರಡಿದರು. ತಂತಿ ಇದ್ದ ಕಡೆ ಜರಿ ಕುಣಿಕೆ ಕುಣಿಕೆಯಾಗಿ ಎದ್ದಿತ್ತು. ಕೆಲವು ಕಾಗೆಗಳು ಎಳೆದು ಸೊಟ್ಟಗಾಗಿದ್ದವು. ಮಾಸ್ಟ್ರು ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಅವರು ನಮ್ಮಲ್ಲೊಬ್ಬರ ನಾಲ್ಕು ಬೆರಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

‘ಯಾರು ಬರೆದಿದ್ದು ಇದು?’ ಅಂದರು ಯಜಮಾನರು.

‘ನಂದೇ ತಪ್ಪು ಸಾರ್. ನಾನು ನೋಡ್ಲಿಲ್ಲ.’

‘ಬರೆದಿದ್ದು ಯಾರು ಅಂತ ಕೇಳ್ತಿರೋದು ಮಾಸ್ಟ್ರೇ.’

‘ಸಹಿ ನಂದಿದೆಯಲ್ಲ.’

ಗಿರೀಶ ನನ್ನ ಕಡೆ ನೋಡಿದ. ನಾನು ಬ್ರಶ್ಶು ಹಿಡಿದು ಕೂತೇ ಇದ್ದೆ. ತಂದೆಗೆ ಕೆಲಸವಿರಲಿಲ್ಲ ಅಂತಲೋ, ಭಯಕ್ಕೋ ಅಂತ ಈಗ ಹೇಳಬಹುದು. ಆಗ ಯಾವ ಕಾರಣವೂ ಮನಸ್ಸಿಗೆ ಬರಲಿಲ್ಲ. ಸುಮ್ಮನೆ ಏಳಲಿಲ್ಲ. ಯಜಮಾನರು, ಇವತ್ತಿಂದ ನಾಲ್ಕು ಬೆರಳು ಐದು ಬೆರಳು ಏನೂ ಇಲ್ಲ ಅಂತ ಹೇಳಿ ಇಳಿದುಹೋದರು.

ಅವತ್ತು ಕಾಫಿ ಹೊತ್ತಿಗೆ ಮಾಸ್ಟ್ರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ, ಬೈದರೆ ಸಾಕು ಅನ್ನಿಸಿತ್ತು.

‘ತಂತಿ ಚೆನ್ನಾಗಿತ್ತು ಕಣಮ್ಮ’ ಅಂದರು. ‘ಕಟ್ಟು ಹಾಕಿಯೂ ತಂತಿ ತುಂಡಾಗದ ಹಂಗೆ ಮಾಡ್ಬಹುದು. ಎರಡು ಸಾಲು ತಗೊಂಡು, ಮೇಲಿಂದು ಮುಳುಗೋ ಕಡೆ ಕೆಳಗಿಂದು ಎದ್ದಿರಬೇಕು. ಕಣ್ಣಿಗೆ ಒಂದೇ ಗೆರೆ ಕಾಣುತ್ತೆ. ಕೂತು ತೋರಿಸ್ತೀನಿ, ನಾಳೆ.’

ಮರುದಿನ ನಾನು ರಜೆ ಹಾಕಿದೆ. ಅದರ ಮರುದಿನ ಅವರ ಎದುರು ತಲೆ ಎತ್ತಲಿಲ್ಲ. ಅವರು ಎರಡು ಸಲ ಕರೆದರು, ಎರಡು ಸಲವೂ ಕೈಯಲ್ಲಿ ಕೆಲಸವಿದೆ ಅಂದೆ. ಮೂರನೆಯ ಸಲ ಕರೆಯಲಿಲ್ಲ.

ತಿಂಗಳೊಳಗೆ ಕೋಣೆಗೆ ಕ್ಯಾಮೆರಾ ಬಂತು, ಕಂಪ್ಯೂಟರ್‌ಗಳು ಬಂದವು. ಓರೆ ಮೇಜುಗಳು ಕೆಳಗೆ ನೂಲಿನ ಕೋನುಗಳನ್ನು ಇಡಲು ಹೋದವು. ಮಾಸ್ಟ್ರಿಗೂ ಒಂದು ಕುರ್ಚಿ ಕೊಟ್ಟರು. ಅವರು ಮೌಸನ್ನು ಬ್ರಶ್ಶಿನ ಹಾಗೆ ಮೂರು ಬೆರಳಲ್ಲಿ ಹಿಡಿಯುತ್ತಿದ್ದರು. ಕಲಿಯಲು ಒಲ್ಲೆ ಅನ್ನಲಿಲ್ಲ, ಸರಿಯಾಗಿ ಒಂಬತ್ತೂವರೆಗೆ ಬಂದು ಕೂರುತ್ತಿದ್ದರು. ಯಜಮಾನರನ್ನು ಅವರು ಕೇಳಿದ್ದು ಒಂದೇ. ಕಂಪ್ಯೂಟರ್‌ನಲ್ಲೇ ಆಗಲಿ, ಸೆರಗಿನ ತುದಿ ಈ ಹುಡುಗರಿಗೆ ಬಿಡಿ, ಈ ಸಲ ನಾನು ನೋಡಿಯೇ ಸಹಿ ಮಾಡುತ್ತೇನೆ ಅಂತ. ನೋಡಿಯೇ ಅಂದಾಗ ನಾನು ಸ್ಕ್ರೀನಿನ ಕಡೆ ತಿರುಗಿಕೊಂಡೆ. ಯಜಮಾನರು, ಈಗ ಸಹಿ ಎಲ್ಲಿದೆ ಮಾಸ್ಟ್ರೇ, ಸೇವ್ ಮಾಡಿದ್ರೆ ಆಯ್ತು ಅಂದರು. ನಾಲ್ಕು ತಿಂಗಳ ಮೇಲೆ, ಕೆಲಸ ಇದ್ದಾಗ ಹೇಳಿ ಕಳಿಸ್ತೀವಿ ಅಂದರು. ಹೇಳಿ ಕಳಿಸಲಿಲ್ಲ.

ಅವರು ಕೆಂಗೇರಿ ಉಪನಗರದ ಮನೆಗೆ ಹೋದರು. ನಾನು ಅಲ್ಲೇ ಉಳಿದೆ. ಹತ್ತು ವರ್ಷವಾಯಿತು. ಈಗ ಬೇರೆಯವರ ಸೀರೆಯ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ, ಹೂವು ಸ್ವಲ್ಪ ತಿರುಗಿಸಿ, ಅಂಚು ಬದಲಿಸಿ ಕೊಡುತ್ತೇವೆ. ಕಟ್ಟು ಬಿಟ್ಟುಹೋದರೆ ಕಂಪ್ಯೂಟರೇ ತೋರಿಸುತ್ತದೆ. ದಿನಕ್ಕೆ ಮೂರು ಡಿಸೈನು ಮುಗಿಯಲೇಬೇಕು. ಕಳೆದ ವರ್ಷ ಮಗಳು ಶಾಲೆಗೆ ಏನಾದರೂ ಚಿತ್ರ ಬರೆದುಕೊಡಮ್ಮ, ನಿನಗೆ ಇಷ್ಟ ಬಂದದ್ದು ಅಂದಳು. ಪೆನ್ಸಿಲು ಹಿಡಿದು ಕೂತೆ. ಕೊನೆಗೆ, ನಿಮ್ಮ ಮಿಸ್ ಏನು ಹೇಳಿದ್ದಾರೆ ಅಂತ ಅವಳನ್ನೇ ಕೇಳಿದೆ.

ಹೋದ ತಿಂಗಳು ಗಿರೀಶ ಫೋನು ಮಾಡಿ, ‘ಮಾಸ್ಟ್ರು ಹೋಗಿಬಿಟ್ರು ಕಣೇ’ ಅಂದ. ಅವನು ಆಗಲೇ ಕೆಲಸ ಬಿಟ್ಟು ಕೊರಿಯರ್ ಆಫೀಸು ಇಟ್ಟುಕೊಂಡಿದ್ದಾನೆ. ಹಾಲುತುಪ್ಪದ ದಿನ ಮೆಟ್ರೋದಲ್ಲಿ ಕೆಂಗೇರಿಗೆ ಹೋದೆವು. ಹತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಅವರ ಹೆಂಡತಿ ನಮ್ಮನ್ನು ಅಡುಗೆಮನೆಯ ಹತ್ತಿರ ಕೂರಿಸಿದರು. ಶೆಲ್ಫಿನಲ್ಲಿ ಡಬ್ಬಿಗಳ ಕೆಳಗೆ ಹಳೇ ಗ್ರಾಫುಗಳನ್ನು ಹಾಸಿದ್ದರು. ನಾನು ನೋಡುತ್ತಿದ್ದುದನ್ನು ಕಂಡು, ‘ಗಟ್ಟಿ ಕಾಗದ, ಬೇಗ ಹರಿಯಲ್ಲ’ ಅಂದರು.

ಮಾಸ್ಟ್ರು ಕೊನೆಗೆ ಏನಾದರೂ ಬರೆಯುತ್ತಿದ್ದರಾ ಅಂತ ಗಿರೀಶ ಕೇಳಿದ.

‘ಎಲ್ಲಿ ಬರಿತಿದ್ರಪ್ಪ. ಸುಮ್ನೆ ಕೂತಿರೋರು. ಇದ್ದಕ್ಕಿದ್ದಂಗೆ, ನಾನು ನೋಡ್ಬೇಕಿತ್ತು, ನೋಡ್ದೆ ಇದ್ದಿದ್ದೇ ತಪ್ಪಾಯ್ತು, ಅದರಿಂದಾನೇ ಆ ಹುಡುಗರಿಗೆ ಎಲ್ಲ ಹೋಯ್ತು ಅನ್ನೋರು. ಏನು ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ.’

ಎಲೆಯ ಮುಂದೆ ಕೂತು ಊಟ ಮಾಡಿ ಬಂದೆ.

ಸೋಮವಾರ ಕೆಲಸಕ್ಕೆ ಹೋದವಳು ನೇರವಾಗಿ ಯಜಮಾನರ ಕೋಣೆಗೆ ಹೋದೆ. ಆ ಕಾಗೆ ತಂತಿಯ ಸೀರೆ ಬರೆದದ್ದು ನಾನು ಸಾರ್, ಬೇಕು ಅಂತಲೇ ಕಟ್ಟು ತೆಗೆದಿದ್ದೆ, ಮಾಸ್ಟ್ರದ್ದು ಏನೂ ತಪ್ಪಿರಲಿಲ್ಲ ಅಂತ ಹೇಳಿದೆ. ಅಷ್ಟು ಹೇಳಲು ಹತ್ತು ವರ್ಷ ಬೇಕಾಯಿತು. ಅವರಿಗೆ ಮೊದಲು ಯಾವ ಸೀರೆ ಅಂತಲೇ ನೆನಪಾಗಲಿಲ್ಲ. ಆಮೇಲೆ ನಕ್ಕರು. ಕೆಟ್ಟ ನಗು ಅಲ್ಲ, ನನ್ನನ್ನು ಸಮಾಧಾನ ಮಾಡುವ ನಗು.

‘ಅಯ್ಯೋ, ಅದನ್ನ ಇನ್ನೂ ತಲೇಲಿ ಇಟ್ಕೊಂಡಿದೀಯಾ? ಅದು ನೆಪ ಕಣಮ್ಮ. ಕಂಪ್ಯೂಟರ್‌ಗೆ ಯುಗಾದಿ ಹೊತ್ತಿಗೇ ಆರ್ಡರ್ ಕೊಟ್ಟಾಗಿತ್ತು. ಮಾಸ್ಟ್ರಿಗೆ ಹೆಂಗಪ್ಪಾ ಹೇಳೋದು ಅಂತಿದ್ದೆ, ಆ ಸೀರೆ ಬಂತು. ಅದಿಲ್ದಿದ್ರೆ ಇನ್ನೊಂದು.’

ಹೋಗಿ ಕೆಲಸ ನೋಡು ಅಂದರು. ಬಂದು ಕೂತೆ.

ಹಾಗಾದರೆ ನಿನ್ನ ತಪ್ಪಿನಿಂದ ಏನೂ ಹೋಗಲಿಲ್ಲ, ಸಮಾಧಾನ ಮಾಡಿಕೋ ಅಂತ ಗಿರೀಶ ಫೋನಿನಲ್ಲಿ ಹೇಳಿದ. ಆ ನಾಲ್ಕು ಬೆರಳು ಹೇಗಿದ್ದರೂ ಹೋಗುತ್ತಿತ್ತು, ನಿಜ. ಆದರೆ ಅವತ್ತು ನಾನು ಎದ್ದು ನಿಂತು ನಾನೇ ಅಂದಿದ್ದರೆ, ಯಜಮಾನರು ನನ್ನನ್ನು ಬೈದು, ಇನ್ನೊಂದು ನೆಪ ಹುಡುಕಿ, ಕಂಪ್ಯೂಟರ್ ತರುತ್ತಿದ್ದರು. ಮಾಸ್ಟ್ರು ಯಜಮಾನರ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಹತ್ತು ವರ್ಷ ಗೋಡೆ ನೋಡುತ್ತ, ಹುಡುಗರನ್ನು ನಂಬಿ ಬಿಟ್ಟದ್ದೇ ತಪ್ಪು ಅಂತ ಅಂದುಕೊಳ್ಳುತ್ತಿರಲಿಲ್ಲ. ತಮ್ಮ ಜೀವನದಲ್ಲಿ ಅವರು ತಮ್ಮ ಇಷ್ಟಕ್ಕೆ ಮಾಡಿದ ನಿಯಮ, ಆ ನಾಲ್ಕು ಬೆರಳನ್ನು ನೋಡಬಾರದು ಅನ್ನುವುದೊಂದೇ. ಅದು ಸರಿಯಿತ್ತು ಮಾಸ್ಟ್ರೇ, ನಾನೇ ಅದಕ್ಕೆ ಮೋಸ ಮಾಡಿದ್ದು ಅಂತ ಅವರಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ. ಮೆಟ್ರೋ ಬಂದ ಮೇಲೆ ಅವರ ಮನೆಗೆ ಅರ್ಧ ಗಂಟೆಯೂ ಬೇಕಿರಲಿಲ್ಲ.